ಅಖಂಡ ಬಾಗಿಲಿನ ಭರತ–ಬಾಹುಬಲಿ

ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಗೊಮ್ಮಟೇಶ್ವರನ ಸನ್ನಿಧಿಗೆ ಮೆಟ್ಟಿಲೇರುವಾಗ ಸಿಗುವ ಏಕಶಿಲಾ ದ್ವಾರವೇ ಅಖಂಡ ಬಾಗಿಲು. ಇದರ ಲಲಾಟದಲ್ಲಿ ಆನೆಗಳು ಅಭಿಷೇಕ ಮಾಡುತ್ತಿರುವ ಗಜಲಕ್ಷ್ಮಿಯ ಕೆತ್ತನೆಯಿದೆ. ಬಾಗಿಲಿನ ಬಲಕ್ಕೂ ಎಡಕ್ಕೂ ಒಂದೊಂದು ಚಿಕ್ಕ ಗುಡಿಯಿದ್ದು, ಒಂದರಲ್ಲಿ ಬಾಹುಬಲಿ, ಇನ್ನೊಂದರಲ್ಲಿ ಭರತ ನಿಂತಿದ್ದಾರೆ. ಪ್ರಥಮ ತೀರ್ಥಂಕರ ಆದಿನಾಥರ ಈ ಇಬ್ಬರು ಮಕ್ಕಳನ್ನು ಜೊತೆಯಾಗಿ ಸ್ಮರಿಸುವ ಅಪರೂಪದ ಸ್ಥಳವಿದು.

ನಿರ್ಮಾಣ: ಸುಮಾರು ಕ್ರಿ.ಶ. 1130ರಲ್ಲಿ ಹೊಯ್ಸಳ ದಂಡನಾಯಕ ಭರತೇಶ್ವರ ಈ ವಿಗ್ರಹಗಳನ್ನು ಮಾಡಿಸಿದನು. ಈತ ಗಂಡವಿಮುಕ್ತ ಸಿದ್ಧಾಂತದೇವರ ಶ್ರಾವಕ ಶಿಷ್ಯ. ಇವನ ಸೋದರ ಮರಿಯಾನೆಯೂ ದಂಡನಾಯಕನೇ. ಭರತೇಶ್ವರನು ಗಂಗವಾಡಿಯಲ್ಲಿ 80 ಹೊಸ ಬಸದಿಗಳನ್ನು ಕಟ್ಟಿಸಿ, 200 ಬಸದಿಗಳ ಜೀರ್ಣೋದ್ಧಾರ ಮಾಡಿಸಿದನೆಂದು ಶಾಸನ ಹೇಳುತ್ತದೆ.

ಹಿನ್ನೆಲೆ: ದಿಗ್ವಿಜಯ ಮುಗಿಸಿ ಬಂದ ಭರತನಿಗೆ ಪೌದನಪುರದ ಬಾಹುಬಲಿ ತಲೆಬಾಗಲಿಲ್ಲ. ಸೈನಿಕರ ಪ್ರಾಣಹಾನಿ ಬೇಡವೆಂದು ಅಣ್ಣತಮ್ಮಂದಿರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ನಡೆಸಿದರು. ಮೂರರಲ್ಲೂ ಗೆದ್ದ ಬಾಹುಬಲಿ, ಎತ್ತಿಹಿಡಿದ ಅಣ್ಣನನ್ನು ನೆಲಕ್ಕೆ ಅಪ್ಪಳಿಸಲಿಲ್ಲ. ಸೋತ ಭರತ ಪ್ರಯೋಗಿಸಿದ ಚಕ್ರರತ್ನವೂ ತಮ್ಮನನ್ನು ಘಾತಿಸದೆ ಪ್ರದಕ್ಷಿಣೆ ಬಂದು ನಿಂತಿತು. ಬಾಹುಬಲಿ ರಾಜ್ಯವನ್ನು ಅಣ್ಣನಿಗೇ ಬಿಟ್ಟು ದೀಕ್ಷೆ ಪಡೆದನು.

ಒಂದು ವರ್ಷ ಕಾಯೋತ್ಸರ್ಗದಲ್ಲಿ ನಿಂತರೂ ಅವನಿಗೆ ಕೇವಲಜ್ಞಾನ ದೊರೆಯಲಿಲ್ಲ. ಆಚಾರ್ಯ ಜಿನಸೇನರ ಸಂಸ್ಕೃತ ಆದಿಪುರಾಣದ ಪ್ರಕಾರ, ತನ್ನಿಂದ ಭರತನಿಗೆ ನೋವಾಯಿತೆಂಬ ಕೊರಗು ಮನದಲ್ಲಿ ಉಳಿದಿತ್ತು. ಭರತನೇ ಬಂದು ಪೂಜಿಸಿದಾಗ ಅದು ಕರಗಿತು. ಅಂದರೆ ಬಾಹುಬಲಿಯ ಸಿದ್ಧಿಗೆ ಅಣ್ಣನ ಬರವೇ ನಿಮಿತ್ತವಾಯಿತು. ಮೂಡುಬಿದಿರೆಯ ರತ್ನಾಕರವರ್ಣಿಯ ಭರತೇಶವೈಭವದಲ್ಲಿ ಈ ಕಾಳಗವೇ ಇಲ್ಲ. ಭರತ ಮಾತಿನಿಂದಲೇ ತಮ್ಮನನ್ನು ಗೆಲ್ಲುತ್ತಾನೆ.

ಇತರ ವಿಗ್ರಹಗಳು: ಬೆಟ್ಟದ ಮೇಲೆ ಚಾವುಂಡರಾಯ ಕ್ರಿ.ಶ. 981ರ ಸುಮಾರಿಗೆ ಮಾಡಿಸಿದ ಗೊಮ್ಮಟ ಮೂರ್ತಿ ಸುಮಾರು 58 ಅಡಿ ಎತ್ತರವಿದೆ. ಎದುರಿನ ಚಂದ್ರಗಿರಿಯಲ್ಲಿ ಭರತನ ವಿಗ್ರಹ ಸುಮಾರು 9 ಅಡಿ ಎತ್ತರವಿದ್ದು, ಮೊಣಕಾಲಿನಿಂದ ಕೆಳಗಿನ ಭಾಗವಿಲ್ಲ. ಶ್ರವಣಬೆಳಗೊಳದಿಂದ ಹೋದ ಬಾಹುಬಲಿಯ ಕಂಚಿನ ಪ್ರತಿಮೆಯೊಂದು ಮುಂಬೈನ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದಲ್ಲಿದೆ. ಭುಜದ ಮೇಲೆ ಇಳಿಬಿದ್ದ ಕೂದಲು, ಕೈಕಾಲುಗಳಿಗೆ ಸುತ್ತಿದ ಬಳ್ಳಿ ಅದರ ಲಕ್ಷಣಗಳು. ಅದು ಗೊಮ್ಮಟ ಮೂರ್ತಿಗಿಂತಲೂ ಹಳೆಯದು.

ಗೊಮ್ಮಟನ ದರ್ಶನಕ್ಕೆ ಹೊರಟ ಯಾತ್ರಿಕರು ಅಖಂಡ ಬಾಗಿಲನ್ನು ಬೇಗನೆ ದಾಟಿಬಿಡುವುದುಂಟು. ಎರಡೂ ಗುಡಿಗಳ ಮುಂದೆ ಕೈಮುಗಿದು ಮೇಲೇರಿದರೆ ಭರತನ ವಂದನೆಯೂ ಆಗುತ್ತದೆ.