ಸರದಿಯಲ್ಲಿ ಕಾದು ಪಡೆದ ಕೈಗಡಿಯಾರ

ಊರಿನಲ್ಲಿರುವ ನಿಮಗೆ ಹೊತ್ತು ಅಂದರೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಥಾಣೆ, ಡೊಂಬಿವಲಿ, ಕಲ್ಯಾಣ್ ಕಡೆ ಬದುಕು ಕಟ್ಟಿಕೊಂಡ ನಮ್ಮಂಥವರಿಗೆ ಹೊತ್ತು ಅಂದರೆ 7.43, 8.06, 9.11. ಇಲ್ಲಿ ಯಾರೂ ‘ಏಳೂ ಮುಕ್ಕಾಲರ ಗಾಡಿ’ ಅನ್ನುವುದಿಲ್ಲ. ನಿಮಿಷವೇ ಗಾಡಿಯ ಹೆಸರು. ಹೀಗಾಗಿ ಕರ್ನಾಟಕದಿಂದ ಇಲ್ಲಿಗೆ ಬಂದ ಹುಡುಗ ಮೊದಲ ಕೆಲವು ಸಂಬಳಗಳಲ್ಲಿ ಊರಿಗೆ ಮನಿಆರ್ಡರ್ ಕಳಿಸಿ, ಖಾನಾವಳಿ ಬಾಕಿ ತೀರಿಸಿ, ಉಳಿದದ್ದರಲ್ಲಿ ತನಗೆಂದು ಕೊಳ್ಳುತ್ತಿದ್ದ ಮೊದಲ ವಸ್ತು ಹೆಚ್ಚಾಗಿ ಕೈಗಡಿಯಾರ. ಆ ಪುಟ್ಟ ಷೋಕಿಗೂ ಒಂದು ಚರಿತ್ರೆ ಇದೆ. ಅದನ್ನು ಬರೆದಿಡಬೇಕು ಅಂತ ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಈ ಭಾಗದಲ್ಲಿ ಗಡಿಯಾರವೂ ರೈಲೂ ಒಟ್ಟೊಟ್ಟಿಗೇ ಬೆಳೆದವು. ದೇಶದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟು ಬಂದದ್ದು ಇದೇ ಥಾಣೆಗೆ. ಮರುವರ್ಷ ಹಳಿ ಕಲ್ಯಾಣಿಗೆ ಮುಟ್ಟಿತು. ಆದರೆ ಆಗ ದೇಶಕ್ಕೆಲ್ಲ ಒಂದೇ ಸಮಯ ಇರಲಿಲ್ಲ. ಮುಂಬಯಿಯದು ಗ್ರೀನಿಚ್ಚಿಗಿಂತ 4 ಗಂಟೆ 51 ನಿಮಿಷ ಮುಂದೆ, ಮದ್ರಾಸಿನದು 5 ಗಂಟೆ 21 ನಿಮಿಷ ಮುಂದೆ. ರೈಲ್ವೆಗಳು ಅನುಸರಿಸಿದ್ದು ಮದ್ರಾಸ್ ಸಮಯವನ್ನು. ಅಂದರೆ ಊರಿನ ಗಡಿಯಾರ ನಂಬಿ ಸ್ಟೇಷನ್ನಿಗೆ ಹೋದವನಿಗೆ ಗಾಡಿ ಅರ್ಧ ಗಂಟೆ ಹಿಂದೆಯೇ ಹೊರಟುಹೋಗಿರುತ್ತಿತ್ತು! 1906ರ ಜನವರಿ 1ರಿಂದ ಭಾರತೀಯ ಕಾಲಮಾನ ಬಂತು. ಆದರೂ ಮುಂಬಯಿಯ ಬಹಳ ಮಂದಿ ಸ್ವಾತಂತ್ರ್ಯ ಬಂದ ಮೇಲೂ ಕೆಲ ಕಾಲ 39 ನಿಮಿಷ ಹಿಂದಿನ ತಮ್ಮ ‘ಬಾಂಬೆ ಟೈಮ್’ ಬಿಟ್ಟುಕೊಡಲಿಲ್ಲ.

ಆ ಕಾಲದ ಗಡಿಯಾರಗಳೆಲ್ಲ ಸ್ವಿಸ್. ಫಾವ್ರ್ ಲೂಬಾ ಕಂಪನಿ 1865ರಲ್ಲೇ ಮುಂಬಯಿಯಲ್ಲಿ ವ್ಯಾಪಾರ ಶುರು ಮಾಡಿತ್ತು. ವೆಸ್ಟ್ ಎಂಡ್ ಹೆಸರನ್ನು ನಿಮ್ಮ ಅಜ್ಜನ ಬಾಯಲ್ಲಿ ಕೇಳಿರಬಹುದು. ಸ್ವಾತಂತ್ರ್ಯದ ನಂತರ ವಿದೇಶಿ ವಿನಿಮಯದ ಬರಗಾಲ. ಗಡಿಯಾರದ ಆಮದಿಗೆ ಕಡಿವಾಣ ಬಿತ್ತು. ಬೇಡಿಕೆ ಮಾತ್ರ ನಿಲ್ಲಲಿಲ್ಲ. ಕಳ್ಳಸಾಗಣೆಯಲ್ಲಿ ಚಿನ್ನದ ಬಿಸ್ಕತ್ತಿನ ಜೊತೆ ವಾಚುಗಳೂ ಮುಂಬಯಿ ತೀರಕ್ಕೆ ಇಳಿದವು. ಬಿಲ್ಲಿಲ್ಲ, ಗ್ಯಾರಂಟಿ ಇಲ್ಲ, ಅಸಲಿಯೋ ನಕಲಿಯೋ ದೇವರೇ ಬಲ್ಲ.

ಇದಕ್ಕೆ ಉತ್ತರ ಬಂದದ್ದು ನಮ್ಮ ಬೆಂಗಳೂರಿನಿಂದ. 1953ರಲ್ಲಿ ಸ್ಥಾಪನೆಯಾದ ಹಿಂದೂಸ್ಥಾನ್ ಮಷೀನ್ ಟೂಲ್ಸ್, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರದ ಕಾರ್ಖಾನೆ ಆರಂಭಿಸಿತು. ಮೊದಲ ತಂಡದ ಗಡಿಯಾರಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ. ಜನತಾ, ಪೈಲಟ್, ಸೋನಾ, ಕೊಹಿನೂರ್, ಕಾಂಚನ್ ಎಂಬ ಹೆಸರುಗಳು ಮನೆಮಾತಾದವು. ಜನತಾದ ಮುಖದ ಮೇಲೆ ‘17 ಜ್ಯುವೆಲ್ಸ್’ ಎಂದು ಅಚ್ಚಾಗಿರುತ್ತಿತ್ತು. ಒಳಗೆ ಹದಿನೇಳು ವಜ್ರ ಇದೆ ಅಂತ ನಮ್ಮ ಹಳ್ಳಿಯಲ್ಲಿ ಎಷ್ಟೋ ಜನ ನಂಬಿದ್ದರು. ಅವು ಚಕ್ರದ ಮೊನೆ ಸವೆಯದಂತೆ ಕೂರಿಸುವ ಕೃತಕ ಕೆಂಪುಕಲ್ಲುಗಳು, ಅಷ್ಟೇ. ಮುಂದೆ ಶ್ರೀನಗರ, ತುಮಕೂರು, ರಾಣಿಬಾಗ್‌ಗಳಲ್ಲೂ ಕಾರ್ಖಾನೆ ತೆರೆದರೂ ಬೇಡಿಕೆಯ ಓಟಕ್ಕೆ ಪೂರೈಕೆ ಸಾಲಲಿಲ್ಲ. ಸ್ಕೂಟರಿಗೆ, ಟೆಲಿಫೋನಿಗೆ, ಗ್ಯಾಸ್ ಸಿಲಿಂಡರಿಗೆ ಇದ್ದ ಹಾಗೆ ವಾಚಿಗೂ ಸರದಿ ಪಟ್ಟಿ ಬಂತು. ಕಾಂಚನ್‌ಗಂತೂ ಕಾಳಸಂತೆಯಲ್ಲಿ ಹೆಚ್ಚಿಗೆ ದುಡ್ಡು. ಮದುವೆ ಮಾತುಕತೆಯಲ್ಲಿ ‘ಹುಡುಗನಿಗೆ ಒಂದು ಕಾಂಚನ್’ ಅಂತ ಕೇಳುವಷ್ಟು ಅದರ ಮರ್ಯಾದೆ.

ಇಷ್ಟು ಕಷ್ಟಪಟ್ಟು ವಾಚೇ ಯಾಕೆ ಬೇಕಿತ್ತು ಅಂತ ನೀವು ಕೇಳಬಹುದು. ಡೊಂಬಿವಲಿಯ ಹತ್ತಡಿ ಖೋಲಿಯಲ್ಲಿ ನಾಲ್ಕು ಜನ ಮಲಗುತ್ತಿದ್ದೆವು. ರೇಡಿಯೋ ತಂದರೆ ಇಡಲು ಜಾಗವಿಲ್ಲ, ಕುರ್ಚಿ ತಂದರೆ ಕಾಲು ಚಾಚಲು ಜಾಗವಿಲ್ಲ. ಜಾಗ ಬೇಡದ ಐಷಾರಾಮ ಅಂದರೆ ಕೈಗಡಿಯಾರ ಒಂದೇ. ಅದು ಮೈಮೇಲೇ ಇರುತ್ತದೆ. ದಿನವೂ ಕೆಲಸಕ್ಕೆ ಬರುತ್ತದೆ, ಆದ್ದರಿಂದ ದುಂದು ಅಂತ ಅಪ್ಪ ಬಯ್ಯುವ ಹಾಗೂ ಇಲ್ಲ. ಊರಿಗೆ ಹೋದಾಗ, ಮಗ ಮುಂಬಯಿಯಲ್ಲಿ ನೆಲೆಯೂರಿದ್ದಾನೆ ಅನ್ನುವುದನ್ನು ಬಾಯಿ ಬಿಟ್ಟು ಹೇಳಬೇಕಾಗಿಲ್ಲ, ಮಣಿಕಟ್ಟು ಹೇಳುತ್ತದೆ.

ನಾನು ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದ್ದು 1983ರಲ್ಲಿ, ಥಾಣೆಯ ಒಂದು ಶಾಖೆಯಲ್ಲಿ. ಆಗ ಇಲ್ಲಿನ ಕನ್ನಡಿಗರಲ್ಲಿ ಹೋಟೆಲಿನವರ ನಂತರ ಎದ್ದು ಕಾಣುತ್ತಿದ್ದವರು ಬ್ಯಾಂಕಿನವರೇ. ಕರಾವಳಿಯಲ್ಲಿ ಹುಟ್ಟಿದ ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ ಬ್ಯಾಂಕುಗಳು ನಮ್ಮವರನ್ನು ಗಾಡಿ ಗಾಡಿ ತಂದಿದ್ದವು. ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ 1928ರಲ್ಲಿ ದಿನಕ್ಕೆ ಎರಡಾಣೆಯಿಂದ ಶುರು ಮಾಡಿದ ಪಿಗ್ಮಿ ಠೇವಣಿಯ ಕಥೆ ನಮಗೆಲ್ಲ ಬಾಯಿಪಾಠ. ನಾನೂ ಅದೇ ಪಾಠದಂತೆ ದಿನಕ್ಕಿಷ್ಟು ಎತ್ತಿಟ್ಟು, 1984ರ ಗಣೇಶ ಚೌತಿಯ ಹೊತ್ತಿಗೆ ಒಂದು ಅಂಗಡಿಯಲ್ಲಿ ಕಾಂಚನ್‌ಗೆ ಹೆಸರು ಬರೆಸಿದೆ. ಅಂಗಡಿಯವನು ಉದ್ದದ ಪುಸ್ತಕ ತೆಗೆದು ಹೆಸರು ಗೀಚಿ, ‘ಮಾಲು ಬಂದಾಗ ತಿಳಿಸುತ್ತೇನೆ’ ಅಂದ. ಸ್ವಲ್ಪ ಹೆಚ್ಚು ಕೊಟ್ಟರೆ ನಾಳೆಯೇ ಬರುತ್ತದೆ ಅಂತಲೂ ಮೆಲ್ಲಗೆ ಸೂಚಿಸಿದ. ನಾನು ಕೊಡಲಿಲ್ಲ. ಖೋಲಿಯ ಗೆಳೆಯರು ಅಷ್ಟರಲ್ಲಿ ಫುಟ್‌ಪಾತಿನಿಂದ ಪರದೇಶಿ ಡಿಜಿಟಲ್ ವಾಚು ತಂದು, ಗುಂಡಿ ಒತ್ತಿ ದೀಪ ಹೊತ್ತಿಸಿ ನನ್ನನ್ನು ರೇಗಿಸುತ್ತಿದ್ದರು. ನನಗೆ ಬಿಲ್ಲು ಬೇಕಿತ್ತು, ರಿಪೇರಿ ಮಾಡುವವನು ಬೇಕಿತ್ತು. ಜೊತೆಗೆ, ಸುಳ್ಳೇಕೆ ಹೇಳಲಿ, ಬೆಂಗಳೂರಿನ ಕಂಪನಿಯದೇ ಬೇಕಿತ್ತು. ವಾಚು ಕೈಗೆ ಬಂದದ್ದು ಮುಂದಿನ ಯುಗಾದಿ ಕಳೆದ ಮೇಲೆ.

ಕಾಂಚನ್ ಆಟೋಮ್ಯಾಟಿಕ್. ಕೀ ಕೊಡಬೇಕಾಗಿಲ್ಲ. ಒಳಗಿರುವ ಒಂದು ಅರೆಚಂದ್ರದ ತೂಕ ಕೈ ಆಡಿದಂತೆ ತಿರುಗಿ ಸ್ಪ್ರಿಂಗನ್ನು ಬಿಗಿ ಮಾಡುತ್ತದೆ. ಡೊಂಬಿವಲಿ ಲೋಕಲಿನಲ್ಲಿ ಕಂಬಿ ಹಿಡಿದು ನೇತಾಡುವ ಕೈಗಿಂತ ಹೆಚ್ಚು ಆಡುವ ಕೈ ಯಾವುದಿದೆ? ನಮ್ಮ ಒದ್ದಾಟದಿಂದಲೇ ಅದು ನಡೆಯುತ್ತಿತ್ತು.

ಸರದಿ ಪಟ್ಟಿಯನ್ನು ಮುರಿದದ್ದು ಸರ್ಕಾರದ ಆದೇಶವಲ್ಲ, ಹೊಸ ತಂತ್ರ. ಕ್ವಾರ್ಟ್ಜ್ ಗಡಿಯಾರದ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಜನತಾದಂಥ ಕೀ ಗಡಿಯಾರದ ಚಕ್ರ ಸೆಕೆಂಡಿಗೆ ಐದು ಸಲ ಬಡಿಯುತ್ತದೆ. ನಿಖರತೆಯಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ. ಎಚ್‌ಎಂಟಿ ಕ್ವಾರ್ಟ್ಜ್ ಮಾಡಲಿಲ್ಲ ಅಂತಲ್ಲ, 1980ರ ದಶಕದ ಆರಂಭದಲ್ಲೇ ಮಾಡಿತು. ಆದರೆ ಅದರ ಮನಸ್ಸು, ಯಂತ್ರ, ಕೆಲಸಗಾರರು ಎಲ್ಲ ಕೀ ಗಡಿಯಾರದ ಕಡೆಗೇ ಇದ್ದರು. 1987ರಲ್ಲಿ ಟಾಟಾ ಸಂಸ್ಥೆ ಮತ್ತು ತಮಿಳುನಾಡು ಸರ್ಕಾರದ ಟಿಡ್ಕೊ ಸೇರಿ ಹೊಸೂರಿನಿಂದ ತಂದ ಟೈಟನ್, ಷೋರೂಮಿನಲ್ಲಿ ಗಾಜಿನ ಕೆಳಗೆ ನೂರಾರು ಮಾದರಿ ಇಟ್ಟು ‘ಆರಿಸಿಕೊಳ್ಳಿ’ ಅಂದಿತು. ಕಾದು ಕಾದು ಅಭ್ಯಾಸವಾದ ಗಿರಾಕಿಗೆ ಆರಿಸುವ ಮಾತೇ ಹೊಸದು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೋಗೆ ಹೋಯಿತು. 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳೂ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ನಮ್ಮ ಪೀಳಿಗೆಯನ್ನು ಇಲ್ಲಿಗೆ ಕರೆತಂದ ಹೆಸರುಗಳೂ, ನಮ್ಮ ಕೈಮೇಲಿದ್ದ ಹೆಸರೂ ಐದು ವರ್ಷದೊಳಗೆ ಬೋರ್ಡಿನಿಂದ ಇಳಿದವು.

ಮುಗಿಯಿತು ಅಂದುಕೊಂಡಿದ್ದ ಸರದಿ ಪಟ್ಟಿ ಈಗ ಮತ್ತೆ ಬಂದಿದೆ. ನವಿ ಮುಂಬಯಿಯ ಐರೋಲಿಯಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನನ್ನ ತಂಗಿಯ ಮಗನಿಗೆ ಒಂದು ಸ್ವಿಸ್ ಸ್ಟೀಲ್ ವಾಚಿನ ಆಸೆ. ದಿನವೂ ಕಟ್ಟಿಕೊಳ್ಳುವಂಥದ್ದೇ, ಬಂಗಾರ ವಜ್ರ ಏನೂ ಇಲ್ಲ. ದುಡ್ಡು ಕೂಡಿಟ್ಟಿದ್ದಾನೆ. ಡೀಲರು ಹೆಸರು ಬರೆದುಕೊಂಡು, ಎಷ್ಟು ವರ್ಷ ಅಂತ ಹೇಳಲಾಗದು, ಅಷ್ಟರಲ್ಲಿ ನಮ್ಮಲ್ಲಿ ಬೇರೆ ಏನಾದರೂ ಕೊಂಡರೆ ಅನುಕೂಲ ಅಂದನಂತೆ. 2025ರ ಅಕ್ಟೋಬರ್ 1ರಿಂದ ಸ್ವಿಟ್ಜರ್ಲೆಂಡ್ ಸೇರಿದ ಎಫ್ಟಾ ಒಪ್ಪಂದ ಜಾರಿಗೆ ಬಂದು ಸ್ವಿಸ್ ವಾಚಿನ ಸುಂಕ ಹಂತ ಹಂತವಾಗಿ ಇಳಿಯಲಿದೆ. ಸುಂಕ ಇಳಿದರೆ ಬೆಲೆ ಇಳಿಯಬಹುದು, ಸಾಲು ಇಳಿಯುವುದಿಲ್ಲ.

ವಾಣಿಜ್ಯ ಓದಿದವನಾಗಿ ಈ ಎರಡು ಸಾಲುಗಳ ವ್ಯತ್ಯಾಸ ನನಗೆ ಮುಖ್ಯ ಅನ್ನಿಸುತ್ತದೆ. ನಮ್ಮ ಕಾಲದ ಕೊರತೆ ನಿಜವಾದ ಕೊರತೆ. ಡಾಲರಿಲ್ಲ, ಲೈಸೆನ್ಸಿಲ್ಲ, ಯಂತ್ರವಿಲ್ಲ. ವಶೀಲಿಯವರು ನಡುವೆ ನುಗ್ಗುತ್ತಿದ್ದರು, ನಿಜ. ಆದರೂ ಪುಸ್ತಕದಲ್ಲಿ ಗುಮಾಸ್ತನ ಹೆಸರಿನ ಕೆಳಗೆ ಡಾಕ್ಟರ ಹೆಸರು ಬರಬಹುದಿತ್ತು. ಇಂದಿನ ಸಾಲಿನಲ್ಲಿ ಮೊದಲು ಬಂದವನಿಗೆ ಮೊದಲು ಅನ್ನುವ ನಿಯಮವೇ ಇಲ್ಲ. ಹಿಂದೆ ಎಷ್ಟು ಖರ್ಚು ಮಾಡಿದ್ದೀರಿ ಅನ್ನುವುದೇ ಸ್ಥಾನ. ಅಲ್ಲಿ ಕಾಯುವವನು ಗಿರಾಕಿಯಲ್ಲ, ಬಡ್ಡಿಯಿಲ್ಲದೆ ಸಾಲ ಕೊಡುವವನು.

ಹುಡುಗನಿಗೆ ಹೇಳಿದ್ದು ಇಷ್ಟೇ: ಆಸೆ ಪಡು, ಪುಟ್ಟ ಆಸೆ ತಪ್ಪಲ್ಲ. ಕಾಯುವುದಾದರೆ ವಸ್ತುವಿಗಾಗಿ ಕಾಯಿ, ಅಂಗಡಿಯವನ ಮೆಚ್ಚುಗೆಗಾಗಿ ಬೇಡ. ಒಂದು ವಾಚಿಗಾಗಿ ಬೇಡದ ಎರಡು ಕೊಳ್ಳಬೇಡ. ಹೊಸೂರಿನಲ್ಲೂ ಈಗ ಆಟೋಮ್ಯಾಟಿಕ್ ತಯಾರಾಗುತ್ತವೆ. ಎಚ್‌ಎಂಟಿ ಹೆಸರಿನಲ್ಲೂ ಸಣ್ಣ ಪ್ರಮಾಣದಲ್ಲಿ ಕೀ ಗಡಿಯಾರಗಳು ಮಾರಾಟಕ್ಕೆ ಬರುತ್ತವೆ. ಅವಕ್ಕೂ ಜನ ಮುಗಿಬೀಳುತ್ತಾರೆ, ಆದರೆ ಅಲ್ಲಿ ಯಾರೂ ನಿನ್ನ ಹಳೆಯ ಬಿಲ್ಲು ಕೇಳುವುದಿಲ್ಲ. ಅವನು ಇನ್ನೂ ತೀರ್ಮಾನಿಸಿಲ್ಲ. ತೀರ್ಮಾನ ಅವನದೇ ಆಗಲಿ, ದುಡಿದ ದುಡ್ಡು ಅವನದು.

ನೀವು ಬೆಂಗಳೂರಿಗೆ ಹೋದರೆ ಜಾಲಹಳ್ಳಿಯ ಎಚ್‌ಎಂಟಿ ವಸ್ತುಸಂಗ್ರಹಾಲಯ ನೋಡಿ ಬನ್ನಿ. ಊರು ಬಿಟ್ಟು ಬಂದ ಸಾವಿರಾರು ಹುಡುಗರು ದೂರದ ಸ್ಟೇಷನ್‌ಗಳಲ್ಲಿ ನಿಂತು ನೋಡುತ್ತಿದ್ದ ಮುಖಗಳು ಅಲ್ಲಿ ಗಾಜಿನ ಹಿಂದೆ ಇವೆ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಅಂಥದೊಂದು ನಿಂತುಹೋಗಿ ಬಿದ್ದಿದ್ದರೆ ಗುಜರಿಗೆ ಹಾಕಬೇಡಿ. ಎಣ್ಣೆ ಹಾಕಿಸಿದರೆ ಬಹಳಷ್ಟು ಈಗಲೂ ನಡೆಯುತ್ತವೆ.