ಆರ್‌ಎನ್‌ಎ ಪರೀಕ್ಷೆಯು ಬಳ್ಳಾರಿ ಸೀಮೆಗೆ ಬಂದ ಬಗೆ

ಸಂಡೂರು ತಾಲ್ಲೂಕಿನ ಕುರೆಕುಪ್ಪವೂ ಅದರ ನೆರೆಯ ತೋರಣಗಲ್ಲೂ ಅದಿರು ಉಕ್ಕುಗಳ ಸೀಮೆಯೆಂದೇ ಪ್ರಸಿದ್ಧವಾಗಿದ್ದರೂ, 2020ರ ಜೂನ್ ತಿಂಗಳಲ್ಲಿ ಅಲ್ಲಿಯ ಉಕ್ಕಿನ ಕಾರ್ಖಾನೆಯ ಕಾರ್ಮಿಕರಲ್ಲಿ ಕೊರೋನಾ ಹಬ್ಬಿದಾಗ, ಜನರ ಬಾಯಲ್ಲಿ ನೆಲೆನಿಂತದ್ದು ಗಂಟಲು ದ್ರವದ ಪರೀಕ್ಷೆಯ ಮಾತೇ.

ಕೊರೋನಾ ವೈರಾಣುವಿನ ಆರ್‌ಎನ್‌ಎಯನ್ನು ಹುಡುಕುವ ಆ ಪರೀಕ್ಷೆಯ ಪೂರ್ವವೃತ್ತಾಂತವು ಅರ್ಧ ಶತಮಾನದಷ್ಟು ಹಿಂದಿನದು. ಆರ್‌ಎನ್‌ಎಯನ್ನು ಮಾತೃಕೆಯಾಗಿ ಇಟ್ಟುಕೊಂಡು ಡಿಎನ್‌ಎಯನ್ನು ರಚಿಸುವ ಕಿಣ್ವವನ್ನು 1970ರಲ್ಲಿ ಹೊವರ್ಡ್ ಟೆಮಿನ್ ಮತ್ತು ಡೇವಿಡ್ ಬಾಲ್ಟಿಮೋರ್ ಬೇರೆಬೇರೆಯಾಗಿ ಕಂಡುಹಿಡಿದರು. 1983ರಲ್ಲಿ ಕ್ಯಾರಿ ಮುಲ್ಲಿಸ್ ಕಲ್ಪಿಸಿದ ಪಿಸಿಆರ್ ವಿಧಾನವು ಅಂತಹ ಡಿಎನ್‌ಎಯನ್ನು ಆವರ್ತನಕ್ಕೊಮ್ಮೆ ಇಮ್ಮಡಿಸುತ್ತ, ತತ್ತ್ವತಃ 30 ಆವರ್ತನಗಳಲ್ಲಿ ಒಂದನ್ನು ನೂರು ಕೋಟಿಗೂ ಮಿಗಿಲಾಗಿಸಬಲ್ಲದಾಯಿತು.

ಹೊಸಪೇಟೆಯು ಇನ್ನೂ ಬಳ್ಳಾರಿ ಜಿಲ್ಲೆಗೆ ಸೇರಿದ್ದ 2020ರ ಮಾರ್ಚ್ ಕೊನೆಯಲ್ಲಿ ಜಿಲ್ಲೆಯ ಮೊದಲ ಕೊರೋನಾ ಸೋಂಕಿತರು ಆ ಊರಿನಲ್ಲಿಯೇ ಪತ್ತೆಯಾದರು. ಅದೇ ವರ್ಷ, 1961ರಲ್ಲಿ ವೈದ್ಯಕೀಯ ಕಾಲೇಜಾಗಿ ಜನ್ಮತಳೆದ ಬಳ್ಳಾರಿಯ ವಿಜಯನಗರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ (ವಿಮ್ಸ್), ಟೆಮಿನ್-ಬಾಲ್ಟಿಮೋರರ ಕಿಣ್ವವನ್ನೂ ಪಿಸಿಆರ್ ವಿಧಾನವನ್ನೂ ಜೋಡಿಸಿದ ಆರ್‌ಟಿ-ಪಿಸಿಆರ್ ಪರೀಕ್ಷೆಯು ನಡೆಯತೊಡಗಿ, ದೂರದ ನಗರಗಳ ಪ್ರಯೋಗಾಲಯಗಳ ಮೇಲಿನ ಅವಲಂಬನೆಯು ತಗ್ಗಿತು. ವಿದೇಶದ ವಿದ್ಯೆಯೊಂದು ಗಣಿಸೀಮೆಯ ಕಾರ್ಮಿಕನ ಕೈಗೆಟುಕಿದ ಈ ಸಂಗತಿಯು ನಮ್ಮ ವೈದ್ಯಚರಿತ್ರೆಯಲ್ಲಿ ಗಣ್ಯವಾದುದು. ಬಳ್ಳಾರಿಯ ಆ ಪ್ರಯೋಗಾಲಯವನ್ನು ಡೆಂಗೆ, ಇನ್‌ಫ್ಲುಯೆಂಜಾಗಳಂತಹ ವ್ಯಾಧಿಗಳ ಪರೀಕ್ಷೆಗೂ ಸದಾ ಸಜ್ಜಾಗಿರಿಸುವುದು ಆಳುವವರ ಕರ್ತವ್ಯ.