1957ರ ಹಾಡು: ಯಾರ ಲೆಕ್ಕ ಸರಿ?

ಡಿಸೆಂಬರ್ ಬಂತೆಂದರೆ ‘ವರ್ಷದ ಹಾಡು’, ‘ವರ್ಷದ ಗಾಯಕ’ ಎಂಬ ಪಟ್ಟಿಗಳು ಸಾಲುಗಟ್ಟಿ ಬರುತ್ತವೆ. ಓದಿದವರು ‘ಅದೇಕೆ ಬಂತು, ಇದೇಕೆ ಬಿಟ್ಟುಹೋಯಿತು’ ಎಂದು ಜಗಳಕ್ಕೆ ನಿಲ್ಲುತ್ತಾರೆ. ಈ ಸಿಹಿ ಜಗಳವನ್ನು ನಮ್ಮ ಮನೆಮನೆಗೆ ತಂದದ್ದು ಒಂದು ಟೂತ್‌ಪೇಸ್ಟು. ಅದೂ ನಮ್ಮ ಬಾನುಲಿ ಕೇಂದ್ರದಿಂದಲ್ಲ, ಸಮುದ್ರದಾಚೆಯ ಕೊಲಂಬೊದಿಂದ.

1952ರಲ್ಲಿ ಬಿ.ವಿ. ಕೇಸ್ಕರ್ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವರಾದರು. ಶಾಸ್ತ್ರೀಯ ಸಂಗೀತದಲ್ಲಿ ಅಪಾರ ಶ್ರದ್ಧೆಯಿದ್ದ ಅವರಿಗೆ ಸಿನಿಮಾ ಹಾಡುಗಳೆಂದರೆ ಅಷ್ಟಕ್ಕಷ್ಟೆ. ಆಕಾಶವಾಣಿಯಲ್ಲಿ ಚಿತ್ರಗೀತೆಗಳ ಸಮಯಕ್ಕೆ ಕತ್ತರಿ ಬಿತ್ತು. ಹಾಡಿನೊಂದಿಗೆ ಚಿತ್ರದ ಹೆಸರು ಹೇಳಿದರೆ ಅದು ಜಾಹೀರಾತಾಗುತ್ತದೆಂದು ಅದನ್ನೂ ನಿಲ್ಲಿಸಲಾಯಿತು. ಸಿಟ್ಟಾದ ನಿರ್ಮಾಪಕರು ಪ್ರಸಾರದ ಪರವಾನಗಿಯನ್ನೇ ಹಿಂದಕ್ಕೆ ಪಡೆದರು. ಹೀಗೆ ದೇಶದ ಜನ ಗುನುಗುತ್ತಿದ್ದ ಹಾಡುಗಳು ದೇಶದ ರೇಡಿಯೋದಿಂದ ಮಾಯವಾದವು. (‘ಆಕಾಶವಾಣಿ’ ಎಂಬ ಹೆಸರು ಮಾತ್ರ ನಮ್ಮ ಮೈಸೂರಿನ ಕೊಡುಗೆ. 1935ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಆರಂಭಿಸಿದ ಪುಟ್ಟ ಕೇಂದ್ರದ ಹೆಸರದು. ಚಿತ್ರಗೀತೆಯ ಜಗಳದಲ್ಲಿ ಅದರ ಪಾತ್ರವೇನೂ ಇಲ್ಲ!)

ಖಾಲಿಯಾದ ಆ ಜಾಗಕ್ಕೆ ನುಗ್ಗಿದ್ದು ರೇಡಿಯೋ ಸಿಲೋನ್. ಎರಡನೇ ಮಹಾಯುದ್ಧದ ಕಾಲದಲ್ಲಿ ಮಿತ್ರಪಡೆಗಳು ಸ್ಥಾಪಿಸಿ ಬಿಟ್ಟುಹೋಗಿದ್ದ ಪ್ರಬಲ ಪ್ರಸಾರ ಯಂತ್ರಗಳು ಅದರ ಕೈಯಲ್ಲಿದ್ದವು. 1952ರ ಡಿಸೆಂಬರ್ 3ರಂದು ಅಲ್ಲಿಂದ ‘ಬಿನಾಕಾ ಗೀತ್‌ಮಾಲಾ’ ಶುರುವಾಯಿತು. ನಿರೂಪಕ, ಇಪ್ಪತ್ತು ತುಂಬಲು ಇನ್ನೂ ಕೆಲವು ದಿನಗಳಿದ್ದ ಅಮೀನ್ ಸಯಾನಿ. ವಾರಕ್ಕೆ ಸಿಗುತ್ತಿದ್ದ ಸಂಭಾವನೆ 25 ರೂಪಾಯಿ. ಕಾರ್ಯಕ್ರಮ ಮುಂಬೈಯಲ್ಲಿ ಧ್ವನಿಮುದ್ರಣಗೊಂಡು, ವಿಮಾನದಲ್ಲಿ ಕೊಲಂಬೊಗೆ ಹೋಗಿ, ಬುಧವಾರ ರಾತ್ರಿ ಅಲೆಗಳ ಮೇಲೇರಿ ಭಾರತಕ್ಕೇ ಮರಳುತ್ತಿತ್ತು. ‘ಬೆಹೆನೋ ಔರ್ ಭಾಯಿಯೋ’ ಎಂದು ಅಕ್ಕತಂಗಿಯರನ್ನೇ ಮೊದಲು ಕರೆಯುತ್ತಿದ್ದ ಆ ಧ್ವನಿ ಹಿಂದಿ ಬಾರದವರಿಗೂ ಚಿರಪರಿಚಿತವಾಯಿತು. ಸಯಾನಿ 2024ರ ಫೆಬ್ರುವರಿಯಲ್ಲಿ ತೀರಿಕೊಂಡಾಗ ಒಂದಿಡೀ ಪೀಳಿಗೆ ತನ್ನ ಬುಧವಾರಗಳನ್ನು ನೆನೆದದ್ದು ಸುಮ್ಮನೆ ಅಲ್ಲ.

ಮೊದಲು ಅದೊಂದು ಸ್ಪರ್ಧೆಯಷ್ಟೆ. ಏಳು ಹಾಡು ಕೇಳಿಸಿ, ಜನಪ್ರಿಯತೆಯ ಕ್ರಮದಲ್ಲಿ ಜೋಡಿಸಿ ಕಳುಹಿಸಿ ಎನ್ನುತ್ತಿದ್ದರು. ಬಹುಮಾನ 100 ರೂಪಾಯಿ. ಮೊದಲ ಕಾರ್ಯಕ್ರಮಕ್ಕೇ 9,000 ಪತ್ರಗಳು ಬಂದವು. ವರ್ಷ ಕಳೆಯುವುದರೊಳಗೆ ವಾರಕ್ಕೆ 65,000 ಮುಟ್ಟಿತು. ಓದಿ ವಿಂಗಡಿಸುವವರ ಗತಿಯೇನು? ಸ್ಪರ್ಧೆಯನ್ನು ಕೈಬಿಟ್ಟು, ಹಾಡುಗಳನ್ನು ಜನಪ್ರಿಯತೆಯ ಮೆಟ್ಟಿಲಿನ ಮೇಲೆ ನಿಲ್ಲಿಸುವ ಕ್ರಮ ಬಂತು. ಸಯಾನಿ ಅದನ್ನು ‘ಪಾಯ್ದಾನ್’ ಎನ್ನುತ್ತಿದ್ದರು. ಗ್ರಾಮಫೋನ್ ತಟ್ಟೆಗಳ ಮಾರಾಟವೇ ಲೆಕ್ಕಕ್ಕೆ ಮುಖ್ಯ ಆಧಾರ. ಆದರೆ ತೀರಾ ಜನಪ್ರಿಯ ಹಾಡಿನ ತಟ್ಟೆ ಅಂಗಡಿಯಲ್ಲಿ ಮುಗಿದೇ ಹೋಗಿದ್ದರೆ ಮಾರಾಟ ಸೊನ್ನೆ ಎಂದಂತಾಗುತ್ತದಲ್ಲ! ಹಾಗಾಗಿ ಊರೂರಿನ ಶ್ರೋತೃ ಸಂಘಗಳ ಅಭಿಪ್ರಾಯವನ್ನೂ ಸೇರಿಸಿಕೊಂಡರು. ವರ್ಷದ ಕೊನೆಗೆ ವಾರ್ಷಿಕ ಪಟ್ಟಿ.

ಲೆಕ್ಕದ ಈ ರೀತಿಯೇ ಫಲಿತಾಂಶವನ್ನು ಹೇಗೆ ತಿದ್ದುತ್ತದೆ ಎನ್ನುವುದಕ್ಕೆ 1957ನೇ ಇಸವಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಹಿಂದಿ ಚಿತ್ರಗೀತೆಯ ಮಟ್ಟಿಗೆ ಅದು ಹುಲುಸಾದ ಬೆಳೆಯ ವರ್ಷ. ನೌಷಾದ್ ಸಂಗೀತದ ‘ಮದರ್ ಇಂಡಿಯಾ’, ಓ.ಪಿ. ನಯ್ಯರ್ ಅವರ ‘ನಯಾ ದೌರ್’, ಎಸ್.ಡಿ. ಬರ್ಮನ್ ಅವರ ‘ಪ್ಯಾಸಾ’, ವಸಂತ ದೇಸಾಯಿಯವರ ‘ದೋ ಆಂಖೇಂ ಬಾರಹ್ ಹಾಥ್’ ಎಲ್ಲವೂ ಅದೇ ವರ್ಷದವು. ಗೀತ್‌ಮಾಲಾದ ವಾರ್ಷಿಕ ಪಟ್ಟಿಯಲ್ಲಿ ಮೊದಲು ನಿಂತದ್ದು ಮಾತ್ರ ಇವುಗಳಲ್ಲಿ ಯಾವುದೂ ಅಲ್ಲ. ‘ಜನಮ್ ಜನಮ್ ಕೇ ಫೇರೇ’ ಎಂಬ ಪೌರಾಣಿಕ ಧಾಟಿಯ ಚಿತ್ರದ ಯುಗಳಗೀತೆ. ರಫಿ, ಲತಾ ಹಾಡಿದ್ದು. ಬರೆದವರು ಭರತ್ ವ್ಯಾಸ್. ಸಂಗೀತ ಎಸ್.ಎನ್. ತ್ರಿಪಾಠಿ ಅವರದು. ತೆರೆಯ ಮೇಲೆ ಹನುಮಂತನಾಗಿಯೂ ಕಾಣಿಸಿಕೊಳ್ಳುತ್ತಿದ್ದ ತ್ರಿಪಾಠಿಯವರನ್ನು ದೊಡ್ಡ ಬ್ಯಾನರ್‌ಗಳು ಮೊದಲ ಸಾಲಿನ ಸಂಗೀತ ನಿರ್ದೇಶಕರೆಂದು ಎಣಿಸಿದ್ದು ಕಡಿಮೆ. ಪ್ರಶಸ್ತಿ, ಪ್ರಚಾರ ಯಾವುದರ ಹಂಗೂ ಇಲ್ಲದೆ ಕೇಳುಗರೇ ಎತ್ತಿ ಕೂರಿಸಿದ ಹಾಡು ಅದು. ಪಟ್ಟಿಯ ನಿಜವಾದ ಶಕ್ತಿ ಕಂಡದ್ದು ಇಲ್ಲೇ.

ಫಿಲ್ಮ್‌ಫೇರ್ ಪ್ರಶಸ್ತಿಯ ಲೆಕ್ಕ ಬೇರೆ. ಆ ವರ್ಷದ ಸಂಗೀತ ಪ್ರಶಸ್ತಿ ನಯ್ಯರ್ ಪಾಲಾಯಿತು. ಜಟಕಾ ಗಾಡಿಯವನಿಗೂ ಬಸ್ಸಿನವನಿಗೂ ಪೈಪೋಟಿ ಹಚ್ಚಿದ ‘ನಯಾ ದೌರ್’ ಚಿತ್ರಕ್ಕೆ ಅವರು ಕುದುರೆಯ ಗೊರಸಿನ ಸಪ್ಪಳವನ್ನೇ ತಾಳವಾಗಿಸಿದ್ದರು. ಲತಾ ಅವರ ದನಿಯನ್ನು ಎಂದೂ ಬಳಸದ ನಯ್ಯರ್ ಇಲ್ಲಿ ನಾಯಕಿಯ ಹಾಡುಗಳನ್ನೆಲ್ಲ ಆಶಾ ಭೋಸ್ಲೆಗೆ ಕೊಟ್ಟರು. ಅಲ್ಲಿಯವರೆಗೆ ಎರಡನೇ ಸಾಲಿನಲ್ಲಿ ಉಳಿದಿದ್ದ ಆಶಾ ಅವರ ಹಣೆಬರಹ ತಿರುಗಿದ್ದು ಈ ಚಿತ್ರದಿಂದ.

‘ಪ್ಯಾಸಾ’ಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿ ಒಂದೂ ಬರಲಿಲ್ಲ. ಇದನ್ನು ನಿರ್ದೇಶಿಸಿ ನಟಿಸಿದ ಗುರುದತ್ ಬೆಂಗಳೂರಿನಲ್ಲಿ ಹುಟ್ಟಿದ ಪಡುಕೋಣೆ ಮನೆತನದವರು. ನೆರಳು ಬೆಳಕಿನಲ್ಲಿ ಆ ಹಾಡುಗಳನ್ನು ಕಣ್ಣಿಗೆ ಕಟ್ಟಿದವರು ನಮ್ಮ ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿ. ಚಿತ್ರದ ನಾಯಕ ಒಬ್ಬ ಕವಿ. ಆದ್ದರಿಂದ ಹಾಡು ಇಲ್ಲಿ ಕಥೆಯ ನಡುವಿನ ವಿರಾಮವಲ್ಲ, ಕಥೆಯೇ ಹಾಡು. ವೇಶ್ಯಾವಾಟಿಕೆಯ ಬೀದಿಯ ಬಗ್ಗೆ ಸಾಹಿರ್ ಲೂಧಿಯಾನ್ವಿ ಮೊದಲೇ ಬರೆದಿದ್ದ ಬಿಗಿಯಾದ ಉರ್ದು ಕವಿತೆಯೊಂದನ್ನು, ಜನಸಾಮಾನ್ಯರ ಕಿವಿಗೆ ನಿಲುಕುವಂತೆ ಮಾತು ಸರಳಗೊಳಿಸಿ ರಫಿಯವರಿಂದ ಹಾಡಿಸಲಾಯಿತು. ಸ್ವಾತಂತ್ರ್ಯ ಬಂದು ಹತ್ತು ವರ್ಷವಾಗಿದ್ದ ದೇಶಕ್ಕೆ ಅದು ಹಿತವಾದ ಪ್ರಶ್ನೆಯಾಗಿರಲಿಲ್ಲ. ಅದೇ ಚಿತ್ರದಲ್ಲಿ ಗೀತಾ ದತ್ ಹಾಡಿರುವುದನ್ನು ಕೇಳಿ ನೋಡಿ. ಮೃದುವಾಗಿ, ಕಿವಿಯ ಹತ್ತಿರವೇ ಬಂದು ಹೇಳಿದಂತಿದೆ.

ನನ್ನನ್ನು ಕೇಳಿದರೆ, ಆ ವರ್ಷದ ಕಲಾವಿದ ಸಾಹಿರ್. ‘ನಯಾ ದೌರ್’ ಮತ್ತು ‘ಪ್ಯಾಸಾ’ ಎರಡರ ಸಾಹಿತ್ಯವೂ ಅವರದೇ. ಒಂದರಲ್ಲಿ ಕೈ ಜೋಡಿಸಿ ದುಡಿಯಿರೆಂದು ಹುರಿದುಂಬಿಸಿದ ಕವಿಯೇ ಇನ್ನೊಂದರಲ್ಲಿ ಆ ಸಮಾಜವನ್ನು ಒದ್ದು ಹೊರನಡೆಯುತ್ತಾನೆ. ಎರಡೂ ಒಂದೇ ವರ್ಷದಲ್ಲಿ! ಆ ಬಳಿಕ ಅವರೂ ಬರ್ಮನ್ನರೂ ಮತ್ತೆ ಒಟ್ಟಿಗೆ ಕೆಲಸ ಮಾಡಲಿಲ್ಲ. ಗಾಯಕಿಯರಲ್ಲಿ ನನ್ನ ಆಯ್ಕೆ ಗೀತಾ ದತ್. ಆಶಾ ಕೂದಲೆಳೆಯಷ್ಟು ಹಿಂದೆ. ತ್ರಿಪಾಠಿಯವರ ಹಾಡನ್ನು ಇಂದಿಗೂ ಸಂತೋಷದಿಂದ ಕೇಳಬಹುದು. ಆದರೆ ಅದು ನಿದ್ದೆ ಕೆಡಿಸುವುದಿಲ್ಲ.

ಸಾಹಿರ್‌ಗೆ ಪ್ರಶಸ್ತಿ ತಪ್ಪಿತು ಎಂದೂ ಹೇಳುವಂತಿಲ್ಲ. ಗೀತರಚನೆಗಾಗಲಿ ಹಿನ್ನೆಲೆ ಗಾಯನಕ್ಕಾಗಲಿ ಫಿಲ್ಮ್‌ಫೇರ್ ಪ್ರಶಸ್ತಿ ಆಗಿನ್ನೂ ಇರಲೇ ಇಲ್ಲ. ಅವೆರಡೂ ಶುರುವಾದದ್ದು 1959ರಲ್ಲಿ. ಹಾಡಿನ ಯಶಸ್ಸೆಲ್ಲ ಸಂಗೀತ ನಿರ್ದೇಶಕನದು ಎಂಬ ಕಾಲವದು. ರೇಡಿಯೋದಲ್ಲಿ ಬರೆದವರ ಹೆಸರನ್ನೂ ಹೇಳಬೇಕೆಂದು ಹಟ ಹಿಡಿದವರಲ್ಲಿ ಸಾಹಿರ್ ಮುಂಚೂಣಿಯಲ್ಲಿದ್ದರು. ‘ಪ್ಯಾಸಾ’ದ ಬೆಲೆ ತಿಳಿಯಲು ದಶಕಗಳೇ ಬೇಕಾದವು. 2005ರಲ್ಲಿ ಅಮೆರಿಕದ ‘ಟೈಮ್’ ಪತ್ರಿಕೆ ಸಾರ್ವಕಾಲಿಕ ನೂರು ಚಿತ್ರಗಳ ಪಟ್ಟಿಯಲ್ಲಿ ಅದನ್ನು ಸೇರಿಸಿತು. ವಿ.ಕೆ. ಮೂರ್ತಿಯವರಿಗೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ಸಂದದ್ದು ಅದೇ ಮೊದಲು.

ಕೇಸ್ಕರ್ ಅವರ ಪಟ್ಟೂ ಸಡಿಲವಾದದ್ದು ಇದೇ 1957ರಲ್ಲಿ. ಅಕ್ಟೋಬರ್ 3ರಂದು ಆಕಾಶವಾಣಿ ‘ವಿವಿಧ ಭಾರತಿ’ಯನ್ನು ಆರಂಭಿಸಿ ಚಿತ್ರಗೀತೆಗಳಿಗೆ ಮತ್ತೆ ಬಾಗಿಲು ತೆರೆಯಿತು. ಗೀತ್‌ಮಾಲಾ ಮಾತ್ರ ಮುಂದಿನ ಮೂರು ದಶಕ ಸಿಲೋನಿನಲ್ಲೇ ಉಳಿದು, 1989ರಲ್ಲಿ ವಿವಿಧ ಭಾರತಿಗೆ ಬಂತು.

ಆ ಪಟ್ಟಿಗಳನ್ನು ವರ್ಷವಾರು ಓದಿದರೆ ದೇಶದ ಮನಸ್ಸಿನ ದಿನಚರಿ ಓದಿದಂತಾಗುತ್ತದೆ. 1972ರಲ್ಲಿ ಹಿರಿಯರು ಹುಬ್ಬು ಗಂಟಿಕ್ಕಿದ ‘ಹರೇ ರಾಮ ಹರೇ ಕೃಷ್ಣ’ದ ಹಿಪ್ಪಿ ಹಾಡು ಮೊದಲ ಸ್ಥಾನದಲ್ಲಿದೆ, 1975ರಲ್ಲಿ ‘ರೋಟಿ ಕಪಡಾ ಔರ್ ಮಕಾನ್’ ಚಿತ್ರದ ಬೆಲೆಯೇರಿಕೆಯ ಗೋಳು. ಘಜಲ್‌ಗಳ ದೊರೆ ಎನಿಸಿದ ಮದನ್ ಮೋಹನ್ ಹೆಸರು ಮಾತ್ರ ವರ್ಷದ ಮೊದಲ ಹಾಡಿನ ಎದುರು ಎಷ್ಟು ಹುಡುಕಿದರೂ ಸಿಗುವುದಿಲ್ಲ. ಕಡೆಗೆ ಅದು ಕಾಣಿಸಿಕೊಳ್ಳುವುದು 1977ರಲ್ಲಿ, ‘ಲೈಲಾ ಮಜ್ನೂ’ ಚಿತ್ರದ ಹಾಡಿನೊಂದಿಗೆ. ಹಾಡಿದವರು ಲತಾ, ಬರೆದವರು ಅದೇ ಸಾಹಿರ್. ಮದನ್ ಮೋಹನ್ ತೀರಿಕೊಂಡು ಆಗ ಎರಡು ವರ್ಷವಾಗಿತ್ತು.